ಅಕ್ಕಾರ, ನೀರು

ಯಾವ ವಸ್ತು ಕೈಗೆ ಬಂದರೂ ಅವಳು ಮೊದಲು ಬಲಗೈ ಹೆಬ್ಬೆರಳಿನಿಂದ ಅದರ ಅಂಚನ್ನು ಒಮ್ಮೆ ಸವರುತ್ತಿದ್ದಳು. ಚಹಾದ ಲೋಟ, ಆಮಂತ್ರಣ ಪತ್ರಿಕೆ, ರಿಬ್ಬನ್ ಕತ್ತರಿಸಲೆಂದು ಹರಿವಾಣದಲ್ಲಿ ಇಟ್ಟು ತಂದ ಕತ್ತರಿ, ಯಾವುದೇ ಆಗಲಿ. ಸವರಿ, ಕಣ್ಣು ಅರೆ ಮುಚ್ಚಿ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಬಳಸುತ್ತಿದ್ದಳು. ಪುಣೆ ಹತ್ತಿರದ ಚಾಕಣದ ಒಂದು ಕಾರ್ಖಾನೆಯಲ್ಲಿ, ಗಾಡಿಯ ಗೇರಿನೊಳಗೆ ಕೂರುವ ಉಕ್ಕಿನ ಬಳೆಗಳನ್ನು ತಪಾಸಣೆ ಮಾಡುವುದು ಅವಳ ಕೆಲಸ. ಅಳತೆಗೆ ಉಪಕರಣಗಳಿದ್ದವು. ಆದರೆ ಉಪಕರಣ ಹಚ್ಚುವ ಮೊದಲೇ ತನ್ನ ಹೆಬ್ಬೆರಳಿಗೆ ತಿಳಿಯುತ್ತದೆ ಎನ್ನುತ್ತಿದ್ದಳು. ರಾಜ್ಯದ ಸುಂದರಿ ಎಂದು ಗೆದ್ದ ಕಿರೀಟವನ್ನು ನಾನು ಮೊದಲ ಸಲ ಪೆಟ್ಟಿಗೆಯಿಂದ ತೆಗೆದು ಅವಳ ಕೈಗಿಟ್ಟಾಗಲೂ ಅದನ್ನೇ ಮಾಡಿದಳು.

“ಅಕ್ಕಾರ, ಎಡಕಿನ ಮೂರನೇ ಎಲಿ ಡೊಂಕ ಅದ ನೋಡ್ರಿ. ನಮ್ಮ ಲೈನಿನ್ಯಾಗ ಇದ್ದಿದ್ರ ಇದು ರಿಜೆಕ್ಟ್ ಪೀಸು.”

“ಸುಮ್ನ ತಲಿ ಮ್ಯಾಲೆ ಇಟ್ಕೊ,” ಎಂದೆ.

“ಇಟ್ಕೋತೀನಿ ಬಿಡ್ರಿ. ನಾನೂ ಏನ್ ಅಷ್ಟು ನೆಟ್ಟಗಿಲ್ಲ.”

ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಅವಳ ಬಗ್ಗೆ ಬರೆದುಕೊಡಬೇಕೆಂದು ಸಂಪಾದಕರು ಮೂರು ಸಲ ಫೋನು ಮಾಡಿದರು. “ಆಕಿ ನಮ್ಮ ಹುಡುಗಿ. ವರ್ಷಪೂರ್ತಿ ಜೋಡಿ ಇದ್ದವರು ನೀವು. ಬೆಂಕಿ ಬಿದ್ದ ದಿವಸ ನೀವು ತೋರಿಸಿದ ಧೈರ್ಯಾನೂ ನಾಕು ಸಾಲು ಬರೀರಿ, ನಾಚ್ಕೋಬ್ಯಾಡ್ರಿ,” ಎಂದರು. ಮೂರನೆಯ ಸಲ ಹೂಂ ಎಂದೆ. ಆ ದಿನ ನಾನು ಏನು ಮಾಡಿದೆ ಎಂಬುದನ್ನು ಸಂಘದವರು ತಪ್ಪಾಗಿ ತಿಳಿದುಕೊಂಡಿದ್ದಾರೆ. ತಪ್ಪು ತಿಳಿಯುವಂತೆ ಹೇಳಿದವಳು ನಾನೇ. ಅದನ್ನು ಸರಿಪಡಿಸದೆ ಅವಳ ಬಗ್ಗೆ ಒಂದು ಸಾಲು ಬರೆಯುವುದೂ ನನ್ನಿಂದಾಗದು. ಅವಳ ಹೆಸರು ಬರೆಯುವುದಿಲ್ಲ. ನಿಮ್ಮಲ್ಲಿ ಅನೇಕರಿಗೆ ಗೊತ್ತಿದೆ, ಗೊತ್ತಿಲ್ಲದವರಿಗೆ ಬೇಕಾಗಿಲ್ಲ.

ನಾನು ಧಾರವಾಡದವಳು. ಎಂ.ಎ. ಮಾಡಿ, ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತು ವರ್ಷಗಳ ಮೇಲಾಯಿತು. ಸೌಂದರ್ಯ ಸ್ಪರ್ಧೆ ನಡೆಸುವವರ ಕಚೇರಿಯಲ್ಲಿ ಅರ್ಧ ದಿನದ ಕೆಲಸ. ಗೆದ್ದ ಹುಡುಗಿಯ ಜೊತೆ ವರ್ಷವಿಡೀ ಕಾರ್ಯಕ್ರಮಗಳಿಗೆ ಹೋಗುವ ಒಬ್ಬ ಹೆಂಗಸು ಇರಬೇಕೆಂಬ ನಿಯಮವಿದೆ. ಆ ಹುದ್ದೆಗೆ ಚಾಪರೋನ್ ಎನ್ನುತ್ತಾರೆ. ಆ ವರ್ಷ ಗೆದ್ದವಳು ಕನ್ನಡದವಳು ಎಂದು ತಿಳಿದಾಗ ನಾನೇ ಮುಂದಾಗಿ ಕೇಳಿ ಆ ಹುದ್ದೆ ಪಡೆದೆ.

ಅವಳ ಮನೆ ಪುಣೆಯಾಚೆಯ ದಂಡಿನ ಊರು ದೇಹೂ ರೋಡ್‌ನಲ್ಲಿ. ತಂದೆ ಸೈನ್ಯದ ಉಗ್ರಾಣವೊಂದರಲ್ಲಿ ಗುಮಾಸ್ತ, ಬೆಳಗಾವಿ ಕಡೆಯವರು. ಮೊದಲ ಸಲ ಹೋದಾಗ ಅವಳ ಅಜ್ಜಿ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ ಕೇಳಿದರು: “ನೀವು ಯಾರವರಾ?”

“ನಾನು ನಿಮ್ಮ ಮೊಮ್ಮಗಳ ಚಾಪರೋನ್ ರೀ, ಅಜ್ಜಿ.”

“ಏನಂದ್ರಿ? ಚಪ್ಪರಾ?”

“ಅಲ್ರೀ, ಚಾಪರೋನ್.”

“ಅದs ಅಲ್ಲೇನ್ರಿ. ಬಿಸಲು ಬೀಳದಂಗ ಮ್ಯಾಲೆ ನಿಂದರೂದು. ಬರ್ರಿ ಒಳಗ, ಚಪ್ಪರದವರs.”

ಅವಳು ಒಳಗಿನಿಂದ ನಗುತ್ತ ಬಂದಳು. ಕೈಯಲ್ಲಿ ಸೀರೆ, ಬಾಯಲ್ಲಿ ನಾಲ್ಕು ಟಾಚಣಿ, ಎಂದರೆ ಗುಂಡುಪಿನ್ನು. ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಟಾಚಣಿ ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವುದು ಅವಳಿಗೆ ಅಭ್ಯಾಸ. ಒಂದು ಅಕ್ಷರವೂ ಜಾರುತ್ತಿರಲಿಲ್ಲ, ಒಂದು ಟಾಚಣಿಯೂ ಬೀಳುತ್ತಿರಲಿಲ್ಲ. ಆ ದಿನದಿಂದ ಆ ಮನೆಯಲ್ಲಿ ನಾನು ಚಪ್ಪರದವರು.

ಸುಂದರಿಯ ಜೀವನವೆಂದರೆ ಏನೋ ಎಂದುಕೊಂಡಿದ್ದೆ. ಅದು ಬಹುಮಟ್ಟಿಗೆ ಕಾಯುವ ಕೆಲಸ. ಗಿಡ ನೆಡುವ ಕಾರ್ಯಕ್ರಮದಲ್ಲಿ ಮುಖ್ಯ ಅತಿಥಿ ಬರುವ ತನಕ ಸಲಿಕೆ ಹಿಡಿದು ನಿಲ್ಲಬೇಕು. ರಕ್ತದಾನ ಶಿಬಿರದಲ್ಲಿ ಪ್ರತಿಯೊಬ್ಬ ದಾನಿಯ ಹಾಸಿಗೆಯ ಪಕ್ಕ ನಿಂತು ನಗಬೇಕು. ಹೆಲ್ಮೆಟ್ ಜಾಗೃತಿಯ ಜಾಥಾದಲ್ಲಿ ಕಿರೀಟದ ಮೇಲೆ ಹೆಲ್ಮೆಟ್ ಹ್ಯಾಗೆ ಹಾಕುವುದು ಎಂಬ ಚರ್ಚೆ ಅರ್ಧ ಗಂಟೆ ನಡೆಯಿತು; ಕೊನೆಗೆ ಹೆಲ್ಮೆಟ್ಟನ್ನು ಕಂಕುಳಲ್ಲಿ ಹಿಡಿದು ಹೋದಳು. ತಿನ್ನುವಾಗ ಫೋಟೊ ತೆಗೆಸಿಕೊಳ್ಳಬಾರದು. ಸ್ಯಾಶ್, ಎಂದರೆ ಬಿರುದು ಬರೆದ ಆ ಅಡ್ಡಪಟ್ಟಿ, ಮೈಮೇಲಿರುವಾಗ ದ್ವಿಚಕ್ರ ವಾಹನ ಹತ್ತಬಾರದು. ಕೂದಲು ಕತ್ತರಿಸಬೇಕಾದರೂ ಕಚೇರಿಗೆ ಪತ್ರ ಬರೆಯಬೇಕು. ಕಿರೀಟ ಅವಳ ಮನೆಯಲ್ಲಿ ಇರಕೂಡದು. ಅದು ನೀಲಿ ಮಖಮಲ್ಲಿನ ಪೆಟ್ಟಿಗೆಯಲ್ಲಿ ನನ್ನ ಹತ್ತಿರ ಇರಬೇಕು, ವರ್ಷದ ಕೊನೆಗೆ ಮುಂದಿನವಳ ತಲೆಗೆ ಹೋಗಬೇಕು. ಆ ಪೆಟ್ಟಿಗೆಗೆ ನಾನು ಸಹಿ ಹಾಕಿದ್ದೆ. “ಹುಡುಗಿಗೆ ಯಾರೂ ಸಹಿ ಹಾಕಿಲ್ಲ ನೋಡ್ರಿ,” ಎಂದು ಅವಳು ಚೇಷ್ಟೆ ಮಾಡುತ್ತಿದ್ದಳು.

ಒಂದು ಶಾಲೆಯಲ್ಲಿ ಬಹುಮಾನ ವಿತರಣೆ. ಐದನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು ಮರಾಠಿಯಲ್ಲಿ ಕೇಳಿದಳು, “ಅಕ್ಕಾ, ಸುಂದರಿ ಆಗಬೇಕಾದರೆ ಏನು ಮಾಡಬೇಕು?” ಮುಖ್ಯೋಪಾಧ್ಯಾಯಿನಿ ಕೈಕಟ್ಟಿ, ಆತ್ಮವಿಶ್ವಾಸ, ಪರಿಶ್ರಮ ಎಂಬ ಮಾತುಗಳಿಗೆ ಕಾದು ನಿಂತಿದ್ದರು. ಇವಳು ಗಂಭೀರವಾಗಿ, “ಫಾರ್ಮ್ ಭರಾಯ್ಚಾ,” ಎಂದಳು. ಅರ್ಜಿ ತುಂಬಬೇಕು. ಹುಡುಗಿ ಬಿಡಲಿಲ್ಲ. “ಮತ್ತೇನೂ ಇಲ್ಲವಾ?” ಇವಳು ಯೋಚಿಸಿ, “ಫೋಟೊ ಚಿಕಟವಾಯ್ಚಾ,” ಎಂದಳು. ಫೋಟೊ ಅಂಟಿಸಬೇಕು. ಮಕ್ಕಳೆಲ್ಲ ಹೋ ಎಂದು ನಕ್ಕವು. ಗಾಡಿಯಲ್ಲಿ ನಾನು ಬೈದೆ.

“ಖರೇನs ಹೇಳೇನ್ರಿ ಅಕ್ಕಾರ. ನಾ ಮಾಡಿದ್ದು ಅಷ್ಟs. ಉಳದದ್ದೆಲ್ಲಾ ನಮ್ಮಪ್ಪ ಅವ್ವ ಮಾಡಿದ್ದು, ಮಾರಿ, ಎತ್ತರ, ಎಲ್ಲಾ.”

ಕಾರ್ಖಾನೆಯ ಮೊದಲ ಪಾಳಿ ಮಧ್ಯಾಹ್ನ ಮುಗಿಯುತ್ತಿತ್ತು. ಕಂಪನಿಯ ಬಸ್ಸಿಳಿದು ನೇರ ಕಾರ್ಯಕ್ರಮಕ್ಕೆ ಬರುವಳು. ಪ್ಯಾಂಟು ಬದಲಿಸಲು ಸಮಯ ಸಿಗುತ್ತಿರಲಿಲ್ಲ, ಅಥವಾ ಸಿಕ್ಕರೂ ಬದಲಿಸುತ್ತಿರಲಿಲ್ಲ. ಕಾರ್ಖಾನೆಯ ದಪ್ಪ ನೀಲಿ ಪ್ಯಾಂಟಿನ ಮೇಲೆಯೇ ಲೆಹೆಂಗಾ ಕಟ್ಟುತ್ತಿದ್ದಳು. “ಮ್ಯಾಲೆ ರಾಣಿ, ಕೆಳಗ ಚಾಕಣ” ಎನ್ನುತ್ತ ಲಾಡಿ ಬಿಗಿಯುತ್ತಿದ್ದಳು. ಕಚೇರಿಯವರಿಗೆ ಗೊತ್ತಾದರೆ ಎಂದು ನಾನು ಹೆದರುತ್ತಿದ್ದೆ. ಕಾರ್ಯಕ್ರಮ ಮುಗಿದ ಕೂಡಲೆ ಲಾಡಿ ಎಳೆದರೆ ಲೆಹೆಂಗಾ ಕಾಲ ಬುಡದಲ್ಲಿ ಗೋಪುರದಂತೆ ಕುಸಿಯುವುದು. ಅವಳು ಅದರಿಂದ ಹೊರಗೆ ಹೆಜ್ಜೆಯಿಟ್ಟು, “ಆತು, ಮನಿಗೆ ನಡೀರಿ,” ಎನ್ನುವಳು.

ಈಗ ನೀರಿನ ಮಾತು.

ಪುಣೆಯ ಕ್ಯಾಂಪ್ ಎಂಬ ಪೇಟೆಯಲ್ಲಿ ಒಂದು ಸೀರೆ ಅಂಗಡಿಯ ಉದ್ಘಾಟನೆ. ಮಾಲೀಕನ ಭಾವಮೈದ ಫೋಟೊ ತೆಗೆಸಿಕೊಳ್ಳುವ ನೆಪದಲ್ಲಿ ಅವಳ ಸೊಂಟದ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ. ಕ್ಯಾಮೆರಾಗಳ ಮುಂದೆ ಅವಳು ನಗುತ್ತಲೇ ಇದ್ದಳು. ನಾನು ಸೀರೆ ನೋಡುತ್ತಿದ್ದೆ. ವಾಪಸು ಬರುವಾಗ ಗಾಡಿಯಲ್ಲಿ ಅಡ್ಡಪಟ್ಟಿ ಬಿಚ್ಚಿ ಮಡಿಸಿದಳು. ಆಮೇಲೆ ಹೇಳಿದಳು: “ಅಕ್ಕಾರ, ಇನ್ ಮ್ಯಾಲೆ ನಾ ‘ಅಕ್ಕಾರ, ನೀರು’ ಅಂದೆ ಅಂದ್ರ ನೀರು ತರಬ್ಯಾಡ್ರಿ. ನೀವು ಬರ್ರಿ. ಏನಿದ್ರೂ ಬಿಟ್ಟು ಬರ್ರಿ.”

ಅದು ನಮ್ಮಿಬ್ಬರ ಗುಟ್ಟಿನ ಮಾತಾಯಿತು. ಪುಣೆಯಲ್ಲಿ ಮನೆಯಿಂದ ಹೊರಗೆ ಕಾಲಿಟ್ಟರೆ ನಾವೆಲ್ಲ ಮರಾಠಿ. ಹಾಗಾಗಿ ಕನ್ನಡದಲ್ಲಿ ಏನು ಅಂದರೂ ನಡೆಯುತ್ತಿತ್ತು. ನಗುವ ಮುಖ ಒಂದಿಷ್ಟೂ ಕದಲಿಸದೆ, ದನಿ ಏರಿಸದೆ, “ಅಕ್ಕಾರ, ನೀರು” ಎನ್ನುವಳು. ನಾನು ಜನರನ್ನು ಸರಿಸಿ ಹೋಗಿ ನಡುವೆ ನಿಲ್ಲುವೆ. ಒಂದೇ ಒಂದು ಸಲ ಎಡವಟ್ಟಾಯಿತು. ಉಡುಪಿ ಕಡೆಯವರೊಬ್ಬರ ಹೊಸ ಹೋಟೆಲಿನ ಉದ್ಘಾಟನೆ. ಯಾರೋ ಪುಢಾರಿ ಹೆಗಲು ಬಿಡುತ್ತಿರಲಿಲ್ಲ. ಇವಳು “ಅಕ್ಕಾರ, ನೀರು” ಎಂದಳು. ನಾನು ತಲುಪುವ ಮೊದಲೇ ಹೋಟೆಲಿನ ಯಜಮಾನರು ದೊಡ್ಡ ಸ್ಟೀಲ್ ಲೋಟ ಹಿಡಿದು ಓಡಿ ಬಂದರು.

“ನಿಮ್ಮದು ಕನ್ನಡವಾ! ಮೊದಲೇ ಹೇಳುವುದಲ್ವಾ ಮಾರಾಯ್ರೆ? ಬಿಸಿನೀರು ಬೇಕಾ, ತಣ್ಣಗೆ ಸಾಕಾ?”

ಪಾಪ, ಅವರ ಸಂಭ್ರಮಕ್ಕೆ ಇವಳು ಲೋಟ ಪೂರ್ತಿ ಕುಡಿದಳು. ಅವರು ಇನ್ನೊಂದು ತಂದರು. ಅದನ್ನೂ ಕುಡಿದಳು. ಪುಢಾರಿ ಕಾದು ಕಾದು ಹೋಗಿಯೇಬಿಟ್ಟ. “ಖರೇ ನೀರೂ ಕೆಲಸಾ ಮಾಡ್ತದ ನೋಡ್ರಿ,” ಎಂದು ಗಾಡಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇನ್ನೊಂದು ಪದ್ಧತಿ ಬಾಗಿಲಿನದು. ಒಂದು ಕಾಲೇಜಿನ ಸಮಾರಂಭದಲ್ಲಿ ಅವಳು ಬಟ್ಟೆ ಬದಲಿಸುತ್ತಿದ್ದಾಗ ಮೂರ್ನಾಲ್ಕು ಹುಡುಗರು ಫೋನು ಹಿಡಿದು ಬಾಗಿಲು ತಳ್ಳಿದರು. ಒಳಗಿನ ಚಿಲಕ ಹೆಸರಿಗೆ ಮಾತ್ರ ಇತ್ತು. ಅಂದಿನಿಂದ ಅವಳೇ ಹೇಳಿದಳು, “ಹೊರಗಿಂದ ಹಾಕ್ರಿ ಅಕ್ಕಾರ. ಒಳಗಿನ ಚಿಲಕಾ ಯಾವ ಹಾಲಿನ್ಯಾಗೂ ನೆಟ್ಟಗ ಇರಂಗಿಲ್ಲ. ಹೊರಗ ನೀವ ಇರ್ತೀರಲ್ಲ.” ಅವಳು ಒಳಗೆ ಹೋಗುವಳು, ನಾನು ಹೊರಗಿನಿಂದ ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುವೆ, ಕಿರೀಟದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು. ತಯಾರಾದ ಮೇಲೆ ಅವಳು ಎರಡು ಸಲ ಬಾಗಿಲು ತಟ್ಟಬೇಕು. ಇಷ್ಟೇ. ತಿಂಗಳುಗಟ್ಟಲೆ ಹಾಗೇ ನಡೆಯಿತು.

ಆ ದಿನ ಕ್ಯಾಂಪಿನ ಹಳೆಯ ಸಭಾಂಗಣವೊಂದರಲ್ಲಿ ಮದುವೆ ಸಾಮಾನುಗಳ ಪ್ರದರ್ಶನ ಇತ್ತು. ಹನ್ನೊಂದು ಗಂಟೆಯ ಹೊತ್ತು. ಅಂದು ಅವಳಿಗೆ ಎರಡನೆಯ ಪಾಳಿ; ಕಾರ್ಯಕ್ರಮ ಮುಗಿಸಿ ನೇರ ಕಾರ್ಖಾನೆಗೆ ಹೋಗುವವಳಿದ್ದಳು. ವೇದಿಕೆಯ ಹಿಂದೆ ಪ್ಲೈವುಡ್ ಗೋಡೆ ನಿಲ್ಲಿಸಿ ಸಾಲಾಗಿ ಕೋಣೆಗಳನ್ನು ಮಾಡಿದ್ದರು. ಗೋಡೆಗಳು ಚಾವಣಿ ಮುಟ್ಟುತ್ತಿರಲಿಲ್ಲ. ಮೇಲೆ ಕಬ್ಬಿಣದ ಪೈಪುಗಳು, ಪೈಪುಗಳ ಮೇಲೆ ಬಣ್ಣದ ಬಟ್ಟೆ, ದೊಡ್ಡ ದೀಪಗಳು. ಅವಳು ಕೊನೆಯ ಕೋಣೆಗೆ ಹೋದಳು. ನಾನು ಚಿಲಕ ಹಾಕಿದೆ. ಹೊಸ ಚಿಲಕ, ಬಹಳ ಬಿಗಿ. ಒಂದು ಕೈಯಿಂದ ಬಾಗಿಲು ಒತ್ತಿ ಹಿಡಿದು ಇನ್ನೊಂದು ಕೈಯಿಂದ ಎಳೆದರೆ ಮಾತ್ರ ಸರಿಯುತ್ತಿತ್ತು. ಹಾಕುವಾಗ ಪೆಟ್ಟಿಗೆಯನ್ನು ನೆಲಕ್ಕಿಟ್ಟಿದ್ದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಮೊದಲು ಚಟ್ ಎಂದು ಒಂದು ಸದ್ದು. ದೀಪವೊಂದರ ಬಳಿ ಬಟ್ಟೆ ಕಂದಾಯಿತು, ನೋಡುನೋಡುತ್ತಿದ್ದಂತೆ ಅದರಲ್ಲಿ ತೂತು ಬಿತ್ತು, ತೂತಿನ ಅಂಚಿನಲ್ಲಿ ಬೆಂಕಿ ಓಡಿತು. ಯಾರೋ “ಆಗ! ಆಗ!” ಎಂದು ಮರಾಠಿಯಲ್ಲಿ ಕೂಗಿದರು. ಬೆಂಕಿ, ಬೆಂಕಿ. ಜನ ನನ್ನನ್ನು ತಳ್ಳಿಕೊಂಡು ಓಡಿದರು. ಹೊಗೆ ತಲೆಯೆತ್ತರಕ್ಕೆ ಇಳಿಯಿತು.

ನನ್ನ ಬೆನ್ನ ಹಿಂದೆ ಎರಡು ಸಲ ಬಾಗಿಲು ತಟ್ಟಿದ ಸದ್ದಾಯಿತು. ಆಮೇಲೆ ಅವಳ ದನಿ.

“ಅಕ್ಕಾರ, ನೀರು.”

ಕಿರುಚಿರಲಿಲ್ಲ. ವೇದಿಕೆಯ ಮೇಲೆ ನಗುತ್ತ ಹೇಳುವಾಗಿನ ಅದೇ ದನಿ. ಈಗಲೂ ನನಗೆ ಕೇಳಿಸುವುದು ಅದೇ. ಕುಕ್ಕರಿನ ಸಿಳ್ಳೆಯ ನಡುವೆ, ಬಸ್ಸಿನ ಗದ್ದಲದಲ್ಲಿ, ಯಾರಾದರೂ ಊಟಕ್ಕೆ ಕೂತು ನೀರು ಕೇಳಿದಾಗ.

ನಾನು ತಿರುಗಿದೆ. ಚಿಲಕದ ಮೇಲೆ ಒಂದು ಕೈಯಿಟ್ಟೆ. ಎಳೆದೆ. ಬರಲಿಲ್ಲ. ಎರಡನೆಯ ಕೈ ಬೇಕು. ಎರಡನೆಯ ಕೈಯಲ್ಲಿ ಪೆಟ್ಟಿಗೆ. ಆಗ ನನ್ನ ತಲೆಯೊಳಗೆ ಬಂದ ವಿಚಾರವನ್ನು ಇದ್ದ ಹಾಗೆ ಬರೆಯುತ್ತೇನೆ: ಇದನ್ನು ಎಲ್ಲಿ ಇಡಲಿ? ನೆಲದ ಮೇಲಿಟ್ಟರೆ ಓಡುವವರು ತುಳಿಯುತ್ತಾರೆ. ಸಹಿ ಹಾಕಿದ್ದೇನೆ.

“ಅಕ್ಕಾರ, ನೀರು!” ಈ ಸಲ ಜೋರಾಗಿ.

ಮೇಲಿನಿಂದ ಉರಿಯುವ ಬಟ್ಟೆಯ ತುಂಡೊಂದು ನನ್ನ ಕಾಲ ಹತ್ತಿರ ಬಿತ್ತು. ನಾನು ಓಡಿದೆ. ಪೆಟ್ಟಿಗೆಯನ್ನು ಎದೆಗವಚಿಕೊಂಡು, ನಡುದಾರಿಯಲ್ಲಿ ಬಿದ್ದಿದ್ದ ಕುರ್ಚಿಗಳನ್ನು ದಾಟಿಕೊಂಡು ಓಡಿದೆ. ಮೂರನೆಯ ಸಲ ಅವಳು ನೀರು ಎನ್ನಲಿಲ್ಲ. “ಅಕ್ಕಾರ” ಎಂದಷ್ಟೇ ಅಂದಳು. ಅದು ಕೇಳಿಸಿತು. ಕೇಳಿಸಿದ ಮೇಲೂ ಓಡಿದೆ.

ರಸ್ತೆಯ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಕಬ್ಬಿನ ಹಾಲಿನ ಅಂಗಡಿಯವನೊಬ್ಬ ನನ್ನ ಕೈಗೆ ನೀರಿನ ಬಾಟಲಿ ತುರುಕಿ, “ಪ್ಯಾ ಕಾಕು, ಪ್ಯಾ,” ಎಂದ. ಕುಡೀರಿ ಚಿಕ್ಕಮ್ಮ, ಕುಡೀರಿ. ಕುಡಿಯಲಿಲ್ಲ. ಒಂದು ಕೈಯಲ್ಲಿ ಪೆಟ್ಟಿಗೆ, ಒಂದು ಕೈಯಲ್ಲಿ ನೀರು ಹಿಡಿದು ಸಭಾಂಗಣದ ಬಾಗಿಲನ್ನು ನೋಡುತ್ತ ನಿಂತಿದ್ದೆ. ಯಾರೋ ಫೋಟೊ ತೆಗೆದರು. ಮರುದಿನ ಪತ್ರಿಕೆಯಲ್ಲಿ ನೀವೆಲ್ಲ ನೋಡಿದ ಫೋಟೊ ಅದೇ. ನೀರು ಹಿಡಿದು ಮತ್ತೆ ಬೆಂಕಿಯತ್ತ ಹೊರಟವಳಂತೆ ಕಾಣುತ್ತೇನೆ. ನಾನು ಒಂದು ಹೆಜ್ಜೆಯೂ ಇಟ್ಟಿರಲಿಲ್ಲ.

ಅವಳು ಬಂದದ್ದು ಮುಂಬಾಗಿಲಿನಿಂದಲ್ಲ, ಹಿಂದಿನ ಓಣಿಯಿಂದ. ಲೆಹೆಂಗಾ ಬಿಚ್ಚಿ ಎಸೆದಿದ್ದಳು. ಮೈಮೇಲೆ ಜರಿಯ ಕುಪ್ಪಸ, ಅಡ್ಡಪಟ್ಟಿ, ಕೆಳಗೆ ಚಾಕಣದ ನೀಲಿ ಪ್ಯಾಂಟು. ಮುಖವೆಲ್ಲ ಕಪ್ಪು. ಕನ್ನಡಿಯ ಮೇಜನ್ನು ಗೋಡೆಗೆ ಎಳೆದು, ಅದರ ಮೇಲೆ ಕುರ್ಚಿ ಇಟ್ಟು ಹತ್ತಿ, ಮೇಲಿನ ಪೈಪು ಹಿಡಿದು ಪ್ಲೈವುಡ್ಡಿನ ಆಚೆ ಹಾರಿಕೊಂಡಿದ್ದಳು. ಪೈಪು ಕಾದಿತ್ತು. ಬಲ ಅಂಗೈಯನ್ನು ಭಿಕ್ಷೆಗೆ ಹಿಡಿದಂತೆ ಮೇಲಕ್ಕೆ ಹಿಡಿದುಕೊಂಡು ನನ್ನ ಹತ್ತಿರ ನಡೆದು ಬಂದಳು. ನನ್ನ ಮುಖ ನೋಡಿದಳು, ಪೆಟ್ಟಿಗೆ ನೋಡಿದಳು.

“ಇನ್ನೊಂದ್ ಎಲಿ ಡೊಂಕ ಆತೇನ್ರಿ?” ಎಂದಳು.

ನಾನು ಬಾಟಲಿ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ.

ಯಾರ ಜೀವವೂ ಹೋಗಲಿಲ್ಲ. ಅವಳೊಬ್ಬಳನ್ನು ಬಿಟ್ಟರೆ ಯಾರಿಗೂ ದೊಡ್ಡ ಗಾಯವಿಲ್ಲ. ಪ್ಲೈವುಡ್ ಕೋಣೆಗಳೆಲ್ಲ ಬೂದಿಯಾದವು, ಚಿಲಕ ಹಾಕಿದ ಬಾಗಿಲೂ. ಅದು ಹೊರಗಿನಿಂದ ಮುಚ್ಚಿತ್ತೆಂದು ಈ ಲೋಕದಲ್ಲಿ ಇಬ್ಬರಿಗೇ ಗೊತ್ತು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಪೊಲೀಸಿನವನೊಬ್ಬ ಹೇಳಿಕೆ ಬರೆದುಕೊಳ್ಳಲು ಬಂದ. ಕಚೇರಿಯವರೂ ಇದ್ದರು. ಆ ಹೊತ್ತಿನಲ್ಲಿ ಜೊತೆಗೆ ಯಾರಿದ್ದರು ಎಂದು ಅವಳನ್ನು ಕೇಳಿದ. ಅವಳು ಬಾಯಿ ತೆರೆಯುವ ಮೊದಲು ನಾನೇ ಮರಾಠಿಯಲ್ಲಿ ಹೇಳಿಬಿಟ್ಟೆ: ಇವಳು ನೀರು ಕೇಳಿದಳು, ನಾನು ತರಲು ಹೋದೆ.

ಒಂದೊಂದು ಶಬ್ದವೂ ತೂಗಿದಂತೆ ಬಂತು. ಮೊದಲ ಅರ್ಧ ನಿಜವೂ ಆಗಿತ್ತು. ಮಂಚದ ಮೇಲಿನಿಂದ ಅವಳು ನನ್ನನ್ನು ನೋಡಿದಳು. ವಸ್ತುವಿನ ಅಂಚು ಸವರಿದ ಮೇಲೆ ಸುಮ್ಮನಿರುತ್ತಿದ್ದಳಲ್ಲ, ಅಷ್ಟು ಹೊತ್ತು. ಆಮೇಲೆ ಪೊಲೀಸಿನವನ ಕಡೆ ತಿರುಗಿ, “ಹೋ. ಪಾಣಿ ಮಾಗಿತಲಂ ಹೋತಂ,” ಎಂದಳು. ಹೌದು, ನೀರು ಕೇಳಿದ್ದೆ.

ಬಾಗಿಲಿನಿಂದ ಯಾಕೆ ಬರಲಿಲ್ಲ ಎಂದು ಅವನು ಕೇಳಿದ. ಹೊಗೆಯಲ್ಲಿ ಬಾಗಿಲು ಕಾಣಲಿಲ್ಲ ಎಂದಳು.

ಕಚೇರಿಯವರು ಕಿರೀಟ ಉಳಿಸಿದ್ದಕ್ಕೆ ನನಗೆ ಪ್ರಶಂಸಾ ಪತ್ರ ಕೊಟ್ಟರು. ನೀವು, ಸಂಘದವರು, ಶಾಲು ಹೊದಿಸಿದಿರಿ. ಆ ಸಮಾರಂಭಕ್ಕೆ ಅವಳೂ ಬಂದಿದ್ದಳು; ಕೈಗೆ ಪಟ್ಟಿ ಇದ್ದದ್ದರಿಂದ ಚಪ್ಪಾಳೆ ತಟ್ಟಲು ಆಗಲಿಲ್ಲ. ಅಜ್ಜಿ ನನ್ನ ಎರಡೂ ಕೈ ಹಿಡಿದು, “ಚಪ್ಪರದವರs, ನೀವಿದ್ದದ್ದಕ್ಕ ನಮ್ಮ ಕೂಸು ಉಳೀತು,” ಎಂದು ಕಣ್ಣೀರು ಹಾಕಿದರು. ಆ ಕೈಗಳನ್ನು ಬಿಡಿಸಿಕೊಳ್ಳುವುದು ಹ್ಯಾಗೆ ಎಂದು ತಿಳಿಯದೆ ನಿಂತಿದ್ದೆ. ಮೊಮ್ಮಗಳು ಪಕ್ಕದಲ್ಲೇ ಇದ್ದಳು. ಅಜ್ಜಿಗೂ ಹೇಳಿರಲಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ಅಂಗೈ ಚರ್ಮ ಬಿಗಿದುಕೊಂಡಿತು. ಹೆಬ್ಬೆರಳ ತುದಿ ನುಣ್ಣಗಾಯಿತು. ಕಾರ್ಖಾನೆಯಲ್ಲಿ ಅವಳನ್ನು ತಪಾಸಣೆಯಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. “ಬಟ್ಟು ಈಗ ಏನೂ ಹೇಳಂಗಿಲ್ರಿ,” ಎಂದಳು ಒಮ್ಮೆ, ಚಹಾದ ಲೋಟದ ಅಂಚನ್ನು ಅಭ್ಯಾಸಬಲದಿಂದ ಸವರಿ. ಇಷ್ಟೇ ಹೇಳಿದ್ದು. ದೂರಿನ ದನಿಯೂ ಇರಲಿಲ್ಲ. ಅದಿದ್ದಿದ್ದರೆ ನಾನು ಅಲ್ಲೇ ಕುಸಿದು ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಉಳಿದ ಎಂಟು ತಿಂಗಳು ಒಂದು ಕಾರ್ಯಕ್ರಮವನ್ನೂ ತಪ್ಪಿಸಲಿಲ್ಲ. ಗಾಯ ಕಾಣದಿರಲೆಂದು ಕಚೇರಿಯವರು ಜಾಳಿಗೆಯ ಬಿಳಿ ಕೈಗವಸು ಹೊಲಿಸಿಕೊಟ್ಟರು. ಜನ ಅದನ್ನು ಶೃಂಗಾರ ಎಂದುಕೊಂಡರು. ಒಂದು ಕಾಲೇಜಿನಲ್ಲಿ ನಾಲ್ಕೈದು ಹುಡುಗಿಯರು ಅಂಥದೇ ಹಾಕಿಕೊಂಡು ಬಂದಿದ್ದರು. “ಫ್ಯಾಷನ್ ಆತು ನೋಡ್ರಿ,” ಎಂದಳು. ನನ್ನೊಡನೆ ನಗುತ್ತಿದ್ದಳು, ಮಾತಾಡುತ್ತಿದ್ದಳು, ಅಕ್ಕಾರ ಎನ್ನುತ್ತಿದ್ದಳು. ನೀರು ಎಂದು ಮಾತ್ರ ಮತ್ತೆ ಅನ್ನಲಿಲ್ಲ. ಸೊಂಟಕ್ಕೆ ಕೈ ಬಂದರೆ ತಾನೇ ತಿರುಗಿ, ಎಲ್ಲರಿಗೂ ಕೇಳುವಂತೆ, “ಕಾಕಾ, ಹಾತ ಕಾಢಾ,” ಎನ್ನುತ್ತಿದ್ದಳು. ಕೈ ತೆಗೆಯಿರಿ. ಅವರು ತೆಗೆಯುತ್ತಿದ್ದರು. ಕುಡಿಯಲು ಮನೆಯಿಂದ ಸ್ಟೀಲ್ ಬಾಟಲಿ ತರತೊಡಗಿದಳು. ಬಟ್ಟೆ ಬದಲಿಸುವಾಗ ಬಾಗಿಲಿಗೆ ಒಳಗಿನಿಂದ ಕುರ್ಚಿ ಒತ್ತಿಡುತ್ತಿದ್ದಳು. ನಾನು ಹೊರಗೆ, ಪೆಟ್ಟಿಗೆ ಹಿಡಿದು, ಏನೂ ಆಗಿಲ್ಲದವಳಂತೆ ನಿಂತಿರುತ್ತಿದ್ದೆ.

ಹೇಳಬೇಕು, ಇವತ್ತು ಹೇಳಬೇಕು ಎಂದು ಪ್ರತಿ ಸಲ ಗಾಡಿ ಹತ್ತುತ್ತಿದ್ದೆ. ನಿಗಡಿ ದಾಟಿ ದೇಹೂ ರೋಡ್ ಬರುವಷ್ಟರಲ್ಲಿ ಯಾವುದಾದರೂ ಬೇರೆ ಮಾತು ಬರುತ್ತಿತ್ತು. ಅವಳು ಇಳಿದು, “ಬರ್ತೀನ್ರಿ ಅಕ್ಕಾರ,” ಎಂದು ಬಾಗಿಲು ಹಾಕುವ ಮೊದಲು ಒಂದು ಕ್ಷಣ ಹೆಚ್ಚಿಗೆ ನಿಲ್ಲುತ್ತಿದ್ದಳು. ಅದು ಏತಕ್ಕೆಂದು ಆಗ ತಿಳಿಯಲಿಲ್ಲ.

ಕಿರೀಟ ಒಪ್ಪಿಸುವ ದಿನ ಬಂತು. ಹೊಸದಾಗಿ ಗೆದ್ದವಳು ನಾಸಿಕದ ಹುಡುಗಿ, ಹತ್ತೊಂಬತ್ತು ವರ್ಷ. ಮೆರವಣಿಗೆಗೆ ಮೊದಲು ಬಟ್ಟೆ ಬದಲಿಸಲು ಕೋಣೆಗೆ ಹೋಗುತ್ತ ನನ್ನ ಕಡೆ ತಿರುಗಿ, “ಕಾಕು, ಬಾಹೇರೂನ್ ಕಡೀ ಲಾವಾ ನಾ. ಆತಲೀ ಲಾಗತ ನಾಹೀ,” ಎಂದಳು. ಹೊರಗಿನಿಂದ ಚಿಲಕ ಹಾಕಿ, ಒಳಗಿನದು ಕೂರುವುದಿಲ್ಲ. ಅವಳಿಗೆ ಯಾರು ಹೇಳಿಕೊಟ್ಟರೋ. ಯಾರೂ ಹೇಳಿಕೊಡಬೇಕಾಗಿಲ್ಲ, ಎಲ್ಲ ಹಾಲುಗಳಲ್ಲೂ ಒಳಗಿನ ಚಿಲಕ ಕೆಟ್ಟೇ ಇರುತ್ತದೆ.

ನನ್ನ ಕೈ ಮೇಲೇಳಲಿಲ್ಲ. ಆಗ ಇವಳು ಬಂದಳು. ಪೂರ್ತಿ ಅಲಂಕಾರದಲ್ಲಿ, ತಲೆಯ ಮೇಲೆ ಕಿರೀಟ, ಕೈಗೆ ಬಿಳಿ ಗವಸು. ಚೀಲದಿಂದ ಕೀಲಿಗೊಂಚಲು ತೆಗೆದಳು. ಅದರಲ್ಲಿ ಬೆರಳುದ್ದದ ಒಂದು ಸ್ಕ್ರೂಡ್ರೈವರ್ ಸದಾ ಇರುತ್ತಿತ್ತು. ಬಲಗೈಯಲ್ಲಿ ಹಿಡಿಯಲು ನೋಡಿದಳು, ಜಾರಿತು. ಗವಸು ಹಲ್ಲಿನಿಂದ ಎಳೆದು ತೆಗೆದು, ಎಡಗೈಗೆ ಬದಲಿಸಿ, ಹೊರಗಿನ ಚಿಲಕದ ತಿರುಪುಗಳನ್ನು ಬಿಚ್ಚತೊಡಗಿದಳು. ಬಿಚ್ಚಿದ ತಿರುಪನ್ನು ಟಾಚಣಿಯಂತೆ ತುಟಿಯಲ್ಲಿ ಕಚ್ಚಿಕೊಂಡಳು.

“ಕೊಡಿಲ್ಲೆ, ನಾ ತೆಗೀತೀನಿ,” ಎಂದೆ.

“ಬ್ಯಾಡ್ರಿ,” ಎಂದಳು, ತಿರುಪು ಕಚ್ಚಿಕೊಂಡೇ. “ನಿಮ್ಮ ಕೈಯಾಗ ಪೆಟಿಗಿ ಅದ.”

ನೋಡಿಕೊಂಡೆ. ಹಿಡಿದಿದ್ದೆ. ಖಾಲಿ ಪೆಟ್ಟಿಗೆ.

“ಯಾಕ ಸುಳ್ಳು ಹೇಳಿದಿ, ಪೊಲೀಸರ ಮುಂದ?” ಎಂದು ಕೇಳಿದೆ. ಎಂಟು ತಿಂಗಳಲ್ಲಿ ಬಾಯಿಗೆ ಬಂದದ್ದು ಇದು. ತಪ್ಪಾಯಿತು ಎಂಬ ಮಾತು ಇನ್ನೂ ಬಂದಿರಲಿಲ್ಲ.

“ನಾ ಎಲ್ಲಿ ಸುಳ್ಳು ಹೇಳೇನ್ರಿ? ನೀರು ಕೇಳಿದ್ದು ಖರೆ ಅದ.” ಎರಡನೆಯ ತಿರುಪು ಬಿಚ್ಚಿದಳು. “ನೀವು ಹೇಳ್ತೀರಿ ಅಂತ ದಾರಿ ನೋಡಿದೆ ಅಕ್ಕಾರ. ನಾ ಹೇಳಿದ್ರ ದೂರು ಆಗ್ತದ. ನೀವು ಹೇಳಿದ್ರ…” ಮೂರನೆಯ ತಿರುಪಿಗೆ ಕೈ ಹಾಕಿದಳು. “ದಿನಾ ಗಾಡಿ ಇಳಿಯೂಮುಂದ ನಿಂತು ನೋಡ್ತಿದ್ದೆ. ಇವತ್ತರೆ ಹೇಳ್ತೀರೇನೋ ಅಂತ.”

ಕೊನೆಯ ತಿರುಪು ಬಂತು. ಚಿಲಕವನ್ನು ಬಾಗಿಲಿನಿಂದ ಕಿತ್ತು, ಅಭ್ಯಾಸದಂತೆ ಹೆಬ್ಬೆರಳಿನಿಂದ ಅದರ ಅಂಚು ಸವರಿದಳು. ಬೆರಳು ಏನೂ ಹೇಳಿರಲಿಕ್ಕಿಲ್ಲ. ತಿರುಪುಗಳ ಸಮೇತ ಅದನ್ನು ಪೆಟ್ಟಿಗೆಯ ನೀಲಿ ಮಖಮಲ್ಲಿನ ಮೇಲೆ, ಕಿರೀಟ ಕೂರುವ ಗುಳಿಯಲ್ಲಿ ಇಟ್ಟಳು.

“ಕಾಕು, ಲಾವಲೀ ಕಾ?” ಎಂದು ಒಳಗಿನ ಹುಡುಗಿ ಕೇಳಿದಳು. ಹಾಕಿದಿರಾ?

“ಮೀ ಉಭೀ ಆಹೆ,” ಎಂದು ಇವಳು ಉತ್ತರ ಕೊಟ್ಟಳು. ನಾನು ನಿಂತಿದ್ದೇನೆ. ಬಾಗಿಲನ್ನು ಸುಮ್ಮನೆ ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಖಾಲಿ ಇಟ್ಟುಕೊಂಡು ನಿಂತಳು. ರಾಜ್ಯದ ಸುಂದರಿಯಾಗಿ ಅವಳ ಕೊನೆಯ ಹತ್ತು ನಿಮಿಷ ಹಾಗೆ ಕಳೆಯಿತು, ಇನ್ನೊಬ್ಬಳ ಬಾಗಿಲು ಕಾಯುವುದರಲ್ಲಿ. ನಾನು ಎರಡು ಮಾರು ದೂರದಲ್ಲಿದ್ದೆ.

ಈಗ ಅವಳು ಕಾರ್ಯಕ್ರಮಗಳಿಗೆ ಬರುವುದಿಲ್ಲ. ಚಾಕಣದ ಬಸ್ಸು ಹಿಡಿದು ಹೋಗುತ್ತಾಳೆ, ಬರುತ್ತಾಳೆ. ನಾನು ಕೆಲಸ ಬಿಟ್ಟಿದ್ದೇನೆ. ಆ ಮನೆಗೆ ಹೋಗುವ ಧೈರ್ಯ ಇನ್ನೂ ಬಂದಿಲ್ಲ. ಅಜ್ಜಿ ಬಾಗಿಲಲ್ಲೇ ಚಪ್ಪರದವರು ಬಂದರು ಎಂದಾರು.

ಸಂಪಾದಕರೆ, ನೀವು ಕೇಳಿದ ನಾಲ್ಕು ಸಾಲು ಇಲ್ಲಿವೆ. ಅವಳು ನೀರು ಕೇಳಲಿಲ್ಲ, ನನ್ನನ್ನು ಕರೆದಳು. ಆ ಮಾತಿನ ಅರ್ಥ ನನಗೆ ಗೊತ್ತಿತ್ತು. ಹೊರಗಿನಿಂದ ಚಿಲಕ ಹಾಕಿದವಳು ನಾನು. ತೆಗೆಯದೆ ಓಡಿದವಳೂ ನಾನು.

ಇದನ್ನು ಅಚ್ಚು ಹಾಕುವುದು ಬಿಡುವುದು ನಿಮಗೆ ಸೇರಿದ್ದು. ಇದರ ಒಂದು ಪ್ರತಿಯನ್ನು ದೇಹೂ ರೋಡಿಗೂ ಕಳಿಸುತ್ತಿದ್ದೇನೆ, ಅವಳು ಅಜ್ಜಿಗೆ ಓದಿ ಹೇಳಲಿ ಎಂದು. ನೀವು ಹೊದಿಸಿದ ಶಾಲನ್ನು ಈ ಭಾನುವಾರ ಸಂಘದ ಕಚೇರಿಗೆ ತಂದು ಒಪ್ಪಿಸುತ್ತೇನೆ. ಒಗೆದು, ಇಸ್ತ್ರಿ ಮಾಡಿ ಇಟ್ಟಿದ್ದೇನೆ. ಚಿಲಕವನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ಅದು ನನಗೆ ಬಂದದ್ದು.